ಕರಿ ತಟ್ಟೆಯ ನುಚ್ಚವ್ವ

ತಹಮೀನಾಳಷ್ಟು ಕೆಟ್ಟದಾಗಿ ಚಿತ್ರ ಬರೆಯುವವರು ಕೃಷ್ಣೆಗೂ ತುಂಗಭದ್ರೆಗೂ ನಡುವೆ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಐದನೇ ಇಯತ್ತೆಯಲ್ಲಿ ಅವಳು ಎಮ್ಮೆ ಬರೆದಾಗ ಮಾಸ್ತರರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬಸ್ಸು ಛಲೋ ಬಂದದ, ಕಂಡಕ್ಟರ್ ಎಲ್ಲಿ?" ಎಂದಿದ್ದರು. ತಾಯಿಯ ಮುಖ ಬರೆದು ತೋರಿಸಿದಾಗ ಗುಲ್ಶನ್ ಬೇಗಂ ಮೂರು ದಿನ ಕನ್ನಡಿಯ ಕಡೆ ಹೋಗಲಿಲ್ಲ, ನಾಲ್ಕನೆಯ ದಿನ ದೃಷ್ಟಿ ತೆಗೆಸಿಕೊಂಡಳು. ಅವಳು ಎಳೆದ ನೆಟ್ಟನೆಯ ಗೆರೆಯ ಮೇಲೆ ಇರುವೆ ನಡೆದರೆ ಅರ್ಧ ದಾರಿಯಲ್ಲೇ ತಲೆ ತಿರುಗಿ ಬೀಳುತ್ತಿತ್ತು.

ಆದರೆ ಬಾಯಿ? ಅವಳ ಬಾಯಿಗೆ ಅಂಜಿ ರಾಯಚೂರಿನ ಗಂಜ್ ಮಾರುಕಟ್ಟೆಯ ತಕ್ಕಡಿಗಳು ತಾವಾಗಿಯೇ ನೆಟ್ಟಗೆ ನಿಲ್ಲುತ್ತಿದ್ದವು. ಕೋಟೆಯೊಳಗಿನ ಅಂದ್ರೂನ್ ಕಿಲ್ಲಾ ಓಣಿಯ ಮನೆಯಲ್ಲಿ ದಖನಿ ಉರ್ದುವಿನಲ್ಲಿ ನಾಲ್ಕು ಕುಚೇಷ್ಟೆ, ಕೆಲಸದ ಮಿಲ್ಲಿಗೆ ಬಂದರೆ ಕನ್ನಡದಲ್ಲಿ ನಲವತ್ತು. ಇಪ್ಪತ್ತೊಂಬತ್ತು ವರ್ಷಗಳಿಂದ ಹೊಟ್ಟೆಯಲ್ಲಿ ಕೂಡಿಬಿದ್ದ ಈ ಸರಕನ್ನು ಖಾಲಿ ಮಾಡಲು ಅವಳಿಗೊಂದು ಜಾಗ ಬೇಕಿತ್ತು. ಫೋನು ತೆರೆದರೆ ಊರೂರಿನವರು ತಮ್ಮ ತಮ್ಮ ಕಾಮಿಕ್ಸ್ ಬರೆದು ಹಾಕುತ್ತಿದ್ದರು. ತನಗೂ ಒಂದು ಬೇಕೆಂದು ಹಟ ಹಿಡಿದು ಒಂದು ತಿಂಗಳು ಕಾಗದದ ಮೇಲೆ ಗುದ್ದಾಡಿದಳು. ನಾಯಕಿಯನ್ನು ಬರೆದರೆ ಕೊಡೆಯಾಯಿತು. ಖಳನಾಯಕನನ್ನು ಬರೆದರೆ ಅವನೂ ಕೊಡೆಯೇ ಆದ. ಕೊಡೆ ಬರೆದಳು, ಅದೊಂದು ಮಾತ್ರ ಎಮ್ಮೆಯಂತೆ ಕಂಡಿತು.

ಅವಳ ಕೆಲಸ ವಿರೂಪಣ್ಣನ ಅಕ್ಕಿ ಮಿಲ್ಲಿನಲ್ಲಿ ಸ್ಯಾಂಪಲ್ ನೋಡುವುದು. ಹಿಡಿ ಅಕ್ಕಿಯನ್ನು ಕರಿ ತಟ್ಟೆಯ ಮೇಲೆ ಹರಡಿ, ಇಡೀ ಕಾಳು ಎಷ್ಟು, ನುಚ್ಚು ಎಷ್ಟು, ಹಳದಿ ತಿರುಗಿದ್ದು ಎಷ್ಟು ಎಂದು ಬೆರಳ ತುದಿಯಲ್ಲಿ ಬೇರ್ಪಡಿಸಿ ಹೇಳಬೇಕು. ಎಂಟು ವರ್ಷದಿಂದ ಅದೇ ಕೆಲಸ. ಒಂದು ಕಾಳಿನ ಮುಖ ನೋಡಿದರೆ ಇನ್ನೊಂದು ಕಾಳಿನ ಮುಖದಿಂದ ಬೇರೆಯಾಗಿ ಗುರುತಿಸುವಷ್ಟು ಕಣ್ಣು ಪಳಗಿತ್ತು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಸುಮ್ಮನೆ ಕೂತು ತಟ್ಟೆಯ ಮೇಲೆ ಕಾಳುಗಳನ್ನು ಅತ್ತಿತ್ತ ದೂಡುತ್ತಿದ್ದಳು. ಹೊಳೆಯುವ, ಎದೆ ಸೆಟೆಸಿದ ಒಂದು ಇಡೀ ಕಾಳು. ಅದರ ಎದುರಿಗೆ ಮೂಗು ಮುರಿದ, ತುಸು ವಾಲಿದ ಒಂದು ನುಚ್ಚು. ಚೀಲದ ಬಾಯಿ ಹೊಲಿಯುವ ಸೂಗಮ್ಮ ರೊಟ್ಟಿ ಮುರಿಯುತ್ತ ಬಗ್ಗಿ ನೋಡಿದಳು.

"ಯವ್ವಾ! ಇವ ನಮ್ಮ ಸಾವ್ಕಾರ ನಿಂತಂಗ ನಿಂತಾನಲ್ಲ ತಂಗಿ!"

"ಎದುರಿನಾಕಿ ಯಾರು ಹೇಳು ನೋಡೂಣು, ಅಕ್ಕಾ?"

"ಆಕಿ ನಾನ. ಪಗಾರ ಕೇಳಾಕ ನಿಂತೀನಿ."

ಸೂಗಮ್ಮ ನಕ್ಕ ರಭಸಕ್ಕೆ ಎದ್ದ ತೌಡಿನ ಧೂಳು ಇಳಿಯಲು ಎರಡು ದಿನ ಹಿಡಿಯಿತು. ಧೂಳು ಇಳಿಯುವಷ್ಟರಲ್ಲಿ ತಹಮೀನಾಳ ಕಾಮಿಕ್ಸ್ ಹುಟ್ಟಿತ್ತು. ಹೆಸರು 'ಕರಿ ತಟ್ಟಿ'. ಬರೆಯುವ ಗೋಜೇ ಇಲ್ಲ. ಕಾಳು ಇಡುವುದು, ಫೋನಿನಲ್ಲಿ ಫೋಟೋ ಹೊಡೆಯುವುದು, ತಲೆಯ ಮೇಲೆ ಮಾತಿನ ಗುಳ್ಳೆ ಅಂಟಿಸುವುದು. ವಾರಕ್ಕೆ ಎರಡು ಕಂತು, ಬುಧವಾರ ಮತ್ತು ರವಿವಾರ. ನಾಯಕಿ ಮೂಗು ಮುರುಕ ನುಚ್ಚವ್ವ. ಎದುರಾಳಿ ಆ ಎದೆ ಸೆಟೆಸಿದ ಇಡೀ ಕಾಳು, ಪಾಲಿಶಪ್ಪ. ಮೊದಲ ಕಂತಿನಲ್ಲಿ ನುಚ್ಚವ್ವ ಜರಡಿಯಿಂದ ಕೆಳಗೆ ಬೀಳುತ್ತಾಳೆ. ಪಾಲಿಶಪ್ಪ ಮೇಲಿನಿಂದ, "ನೋಡಿದೇನು, ನಾ ಮ್ಯಾಲೆ ಉಳದೆ" ಎನ್ನುತ್ತಾನೆ. ನುಚ್ಚವ್ವ ಹೇಳುತ್ತಾಳೆ, "ಉಳಿ ಉಳಿ. ಮೊದಲ ಕುದಿಯೋದು ನೀನ."

ಪಾಲಿಶಪ್ಪನ ಮಾತುಗಳನ್ನು ಮಾತ್ರ ತಹಮೀನಾ ಕಟ್ಟುತ್ತಿರಲಿಲ್ಲ. ವಿರೂಪಣ್ಣ ದಿನಾ ಮುಂಜಾನೆ ಆಫೀಸಿನಲ್ಲಿ ಕೂತು ಆಡುವ ಮಾತುಗಳನ್ನೇ ಎತ್ತಿ ಗುಳ್ಳೆಯೊಳಗೆ ಇಳಿಸುತ್ತಿದ್ದಳು. ಸಾಹುಕಾರ ಓದಿದರೆ ಅವಳ ಕಥೆ ಮುಗಿಯಿತು. ಆದರೆ ವಿರೂಪಣ್ಣ ಲಾರಿ ತೂಗಿದ ವೇಬ್ರಿಜ್ ಚೀಟಿ ಬಿಟ್ಟರೆ ಲೋಕದಲ್ಲಿ ಬೇರೇನನ್ನೂ ಓದಿದವನಲ್ಲ ಎಂಬ ಧೈರ್ಯ.

ಓದುಗರು ಆರು ಲಕ್ಷ ಎಂದು ತಹಮೀನಾ ಹೇಳಿಕೊಂಡಳು. ಆರು ನೂರು ಎಂದು ಫೋನು ಹೇಳಿತು. ಫೋನಿಗೆ ಏನು ಗೊತ್ತು! ಅವರಲ್ಲಿ ಅವಳಿಗೆ ಹೆಮ್ಮೆಯೆಂದರೆ ಮಾನ್ವಿಯ ಅಕ್ಕಿ ದಲಾಲ ಬಂದೇನವಾಜ್. ಪ್ರತಿ ಕಂತನ್ನೂ ತನ್ನ ವ್ಯಾಪಾರಿಗಳ ವಾಟ್ಸಪ್ ಗುಂಪಿಗೆ ಹಾಕುತ್ತಿದ್ದ, ಕೆಳಗೆ ಅಭಿಪ್ರಾಯವನ್ನೂ ಬರೆಯುತ್ತಿದ್ದ: 'ಕಾಳು ಛಲೋ ಅದ.' 'ಈ ಸಲ ಹೊಳಪು ಹೆಚ್ಚು.' ಜೀವಮಾನದಲ್ಲಿ ಮೊದಲ ಸಲ ತನ್ನ ಕಲೆಯನ್ನು ಒಬ್ಬರು ಹೊಗಳಿದರೆಂದು ತಹಮೀನಾ ಉಬ್ಬಿ ಉಬ್ಬಿ, ಕುಪ್ಪಸದ ಹೊಲಿಗೆ ಎರಡು ಸಲ ಬಿಡಿಸಿಕೊಳ್ಳಬೇಕಾಯಿತು.

ಅವಳ ಹೆಚ್ಚುಗಾರಿಕೆಯೆಂದರೆ, ನಲವತ್ತು ಕಂತಿಗೂ ನುಚ್ಚವ್ವ ಒಬ್ಬಳೇ. ಅದೇ ಕಾಳು, ಅದೇ ಮುರುಕು ಮೂಗು. ಬರೆಯಬಲ್ಲವರು ನಾಯಕಿಯ ಮುಖವನ್ನು ಪ್ರತಿ ಸಲ ಹೊಸದಾಗಿ ಬರೆಯಬೇಕು. ತಹಮೀನಾ ಡಬ್ಬಿ ತೆಗೆದು ಹೊರಗಿಟ್ಟರೆ ಸಾಕು. ಕಣ್ಣಿಗೆ ಹಚ್ಚುವ ಸುರ್ಮಾದ ಖಾಲಿ ಡಬ್ಬಿಯಲ್ಲಿ ಹತ್ತಿಯ ಹಾಸಿಗೆ ಹಾಸಿ ಅವಳನ್ನು ಮಲಗಿಸುತ್ತಿದ್ದಳು. ನವಾಬರ ಹೆಣ್ಣುಮಕ್ಕಳಿಗೂ ಆ ವೈಭೋಗ ಇರಲಿಲ್ಲ.

ನಲವತ್ತನೆಯ ಕಂತು ಬುಧವಾರ ನುಚ್ಚವ್ವನನ್ನು ಬೀಸುಕಲ್ಲಿನ ಬಾಯಂಚಿಗೆ ತಂದು ನಿಲ್ಲಿಸಿತು. ಮುಂದೇನು ಎಂದು ಜನ ಕಾದರು. ರವಿವಾರ ಮಿಲ್ಲಿಗೆ ರಜೆ. ತಟ್ಟೆಯನ್ನು ಮನೆಗೆ ತಂದಿದ್ದ ತಹಮೀನಾ ಕಿಟಕಿಯ ಬೆಳಕಿಗೆ ಕೂತು ಸುರ್ಮಾ ಡಬ್ಬಿ ತೆರೆದಳು. ಹತ್ತಿ ಇತ್ತು. ನುಚ್ಚವ್ವ ಇರಲಿಲ್ಲ.

"ಅಮ್ಮೀ! ಡಬ್ಬಿ ಮೇಕಾ ದಾನಾ ಕಾಂ ಹೈ?" ಡಬ್ಬಿಯಲ್ಲಿದ್ದ ಕಾಳೆಲ್ಲಿ ಎಂದು ಕೂಗಿದಳು.

ಒಲೆಯ ಮುಂದಿದ್ದ ಗುಲ್ಶನ್ ಬೇಗಂ, ಸುರ್ಮಾ ಡಬ್ಬಿಯಲ್ಲಿ ಯಾರಾದರೂ ಅಕ್ಕಿ ಇಡುತ್ತಾರೆಯೇ ಎಂದು ಬೈಯುತ್ತ ಸೌಟಿನಿಂದ ಪಾತ್ರೆ ತೋರಿಸಿದಳು. "ಸುರ್ಮೇ ಕೀ ಡಬ್ಬಿ ಮೇ ಚಾವಲ್ ಕ್ಯಾಕೂ ರಖ್ತೆ ಗೇ? ದೇಗ್ಚಿ ಮೇ ಡಾಲ್ ದೀ ಮೈ."

ಅನ್ನದ ಒಂದು ಅಗುಳನ್ನೂ ಕೆಡಿಸಬಾರದೆಂಬ ನೇಮದ ಹೆಂಗಸು. ಸುರ್ಮಾ ಡಬ್ಬಿಯಲ್ಲಿ ಅನಾಥವಾಗಿ ಬಿದ್ದಿದ್ದ ಕಾಳನ್ನು ಮರ್ಯಾದೆಯಿಂದ ತೊಳೆದು ಮಸಾಲೆ ಒಗ್ಗರಣೆಯ ಬಗಾರಾ ಅನ್ನದ ಪಾತ್ರೆಗೆ ಸೇರಿಸಿದ್ದಳು. ಪಾತ್ರೆ ಆಗಲೇ ಕೆಳಗಿಳಿದಿತ್ತು. ಮುಚ್ಚಳ ತೆಗೆದರೆ ಒಳಗೆ ಒಂದು ಲಕ್ಷ ಕಾಳು, ಎಲ್ಲವೂ ಒಂದೇ ನಮೂನೆ ಊದಿಕೊಂಡು ನಗುತ್ತಿದ್ದವು. ತಹಮೀನಾ ಅಳುತ್ತಳುತ್ತಲೇ ಮೂರು ಸಲ ಬಡಿಸಿಕೊಂಡು ಉಂಡಳು. ಅಷ್ಟು ರುಚಿಯ ನಾಯಕಿ ಯಾವ ಕಾಮಿಕ್ಸಿಗೂ ಸಿಕ್ಕಿರಲಿಕ್ಕಿಲ್ಲ.

ಸಂಜೆಯೊಳಗೆ ಕಂತು ಹೋಗಲೇಬೇಕು. ಮನೆಯಲ್ಲಿ ಇದ್ದದ್ದು ರೇಷನ್ ಅಕ್ಕಿ. ಎರಡು ಸೇರು ಕೆದಕಿ, ಮೂಗು ಅದೇ ಬದಿಗೆ ಮುರಿದ ಒಂದು ಕಾಳನ್ನು ಹುಡುಕಿದಳು. ತುಸು ದಪ್ಪ, ಹೊಟ್ಟೆಯ ಮೇಲೆ ಒಂದು ಬಿಳಿ ಚುಕ್ಕೆ. 'ಯಾರು ನೋಡ್ತಾರ' ಎಂದುಕೊಂಡು ಅವಳನ್ನೇ ನುಚ್ಚವ್ವನ ಪಾತ್ರಕ್ಕೆ ಇಳಿಸಿ, ಬೀಸುಕಲ್ಲಿನಿಂದ ಪಾರು ಮಾಡಿ, ಫೋಟೋ ಹಾಕಿ ಮಲಗಿದಳು.

ಸೋಮವಾರ ಮುಂಜಾನೆ ಅವಳು ಮಿಲ್ಲಿನ ಬಾಗಿಲು ದಾಟುವಷ್ಟರಲ್ಲಿ ವಿರೂಪಣ್ಣನ ಕೂಗು ಕೇಳಿಸಿತು. ಆ ಕೂಗು ರೈಲ್ವೆ ಸ್ಟೇಷನ್ನಿಗೂ ಕೇಳಿ, ಗಾಡಿ ಬಂತೆಂದು ಹಮಾಲರು ಎದ್ದು ನಿಂತಿದ್ದರಂತೆ.

"ಯಾರಬೇ ಈಕಿ?" ಫೋನನ್ನು ಅವಳ ಮೂಗಿಗೆ ಹಿಡಿದ.

"ನುಚ್ಚವ್ವ ರೀ, ಸಾವ್ಕಾರ್ರ."

"ಯಾವ ಊರಾಕಿ?"

"ತಟ್ಟಿ ಮ್ಯಾಲಿನಾಕಿ ರೀ."

"ತಟ್ಟಿ ಯಾರದು? ಅಂಚಿನ ಮ್ಯಾಲೆ ವಿರೂಪಣ್ಣ ರೈಸ್ ಮಿಲ್ ಅಂತ ಇಷ್ಟುದ್ದ ಬರದದ, ಕಾಣಂಗಿಲ್ಲೇನು? ಮಾನ್ವಿ ಗುಂಪಿನಾಗ ಬಂದೇನವಾಜ್ ಏನ ಹಾಕ್ಯಾನ ಕೇಳು!"

ಫೋನಿನಿಂದ ಬಂದೇನವಾಜನ ದನಿ ಹೊರಟಿತು: "ಸಾವ್ಕಾರ್ರ, ನಲವತ್ತು ಸಲ ಖರೇ ಸೋನಾ ಮಸೂರಿ ತೋರಿಸಿದ್ರಿ. ನಿನ್ನಿ ಸ್ಯಾಂಪಲ್‌ನಾಗ ರೇಷನ್ ಅಕ್ಕಿ ಯಾಕ ಬಂತು? ಕಲಬೆರಕಿ ಸುರು ಮಾಡಿದ್ರೇನು?"

ತಹಮೀನಾಳಿಗೆ ಆಗ ಹೊಳೆಯಿತು. ಇಷ್ಟು ದಿನ ಈ ವ್ಯಾಪಾರಿಗಳು ಕಾಮಿಕ್ಸ್ ಓದುತ್ತಿರಲಿಲ್ಲ. ಸ್ಯಾಂಪಲ್ ನೋಡುತ್ತಿದ್ದರು! ಛಲೋ ಅಂದದ್ದು ಅಕ್ಕಿಗೆ, ಹೊಳಪು ಅಂದದ್ದು ಪಾಲಿಶಿಗೆ. ಕಪ್ಪು ತಟ್ಟೆಯ ಮೇಲೆ ಕಾಳು ಕಂಡರೆ ಅಕ್ಕಿ ವ್ಯಾಪಾರಿಯ ಕಣ್ಣು ಬೇರೆಲ್ಲಿಗೂ ಹೋಗುವುದಿಲ್ಲ. ತಲೆಯ ಮೇಲಿನ ಗುಳ್ಳೆಗಳನ್ನು ಅವರು ಮಿಲ್ಲಿನ ಜಾಹೀರಾತು ಎಂದು ಬಿಟ್ಟುಬಿಟ್ಟಿದ್ದರು. ರೇಷನ್ ಅಕ್ಕಿ ಬೆರೆಸುವವನೆಂಬ ಹೆಸರು ಒಮ್ಮೆ ಅಂಟಿದರೆ ಮಿಲ್ಲಿಗೆ ಬೀಗವೇ ಗತಿ. ದೇವದುರ್ಗದ ಹಿರಿಯ ಅಕ್ಕಿ ವ್ಯಾಪಾರಿ ಶರಣಯ್ಯ ಆಗಲೇ ಮಿಲ್ಲಿನ ಒಂದು ಲಾರಿ ಲೋಡನ್ನು ಅಂಗಡಿಯ ಮುಂದೆ ಇಳಿಸದೆ ನಿಲ್ಲಿಸಿದ್ದ.

"ನಾ ಒಬ್ಬ ಉಸಿರು ಬಿಟ್ರ ಇಡೀ ಗಂಜ್ ತೂರಿ ಹೋಗ್ತದ," ವಿರೂಪಣ್ಣ ಗುಡುಗಿದ. "ಅಂಥಾ ನನ್ನ ಮರ್ಯಾದಿ ಒಂದು ನುಚ್ಚಿನ ಸಲುವಾಗಿ ಹೋಯ್ತು. ನಡಿ ದೇವದುರ್ಗಕ್ಕ. ಶರಣಯ್ಯ ಲೋಡ್ ಇಳಿಸಿಕೊಂಡ್ರ ನಿನ್ನ ತಟ್ಟಿ ನಿನಗ. ಇಲ್ಲಂದ್ರ ನೀನೂ ಮನಿಗೆ, ನಿನ್ನ ನುಚ್ಚವ್ವನೂ ಮನಿಗೆ. ಫೋನಿನಾಗ ಒಂದು ಫೋಟೋ ಉಳಿಬಾರದು."

ಕೆಲಸ ಇನ್ನೊಂದು ಮಿಲ್ಲಿನಲ್ಲಿ ಸಿಕ್ಕೀತು. ಆದರೆ ನಲವತ್ತೊಂದು ಕಂತು ಅಳಿಸಿಹಾಕಿದರೆ ತಹಮೀನಾ ಮತ್ತೆ ಆ ಹಳೆಯ ತಹಮೀನಾ, ಎಮ್ಮೆ ಬರೆದರೆ ಬಸ್ಸಾಗುವವಳು. ರೇಷನ್ ಕಾಳನ್ನು ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡು ಹೊರಟಳು. ಕಾರಿನಲ್ಲಿ ವಿರೂಪಣ್ಣ ಕೂತ ಬದಿ ಎಷ್ಟು ವಾಲಿತೆಂದರೆ, ಇನ್ನೊಂದು ಬದಿಯ ಚಕ್ರಗಳು ಮಾನ್ವಿಯವರೆಗೂ ನೆಲ ಕಾಣಲಿಲ್ಲ.

ಮಾನ್ವಿಯಲ್ಲಿ ಬಂದೇನವಾಜ್ ಫೋಟೋವನ್ನು ಚಾಪೆಯಷ್ಟು ಅಗಲ ಮಾಡಿ ತೋರಿಸಿದ. "ಈ ಹೊಟ್ಟಿ ನೋಡು ಬೇಟಿ. ಸೋನಾ ಕಾಳಿಗೆ ಇಂಥಾ ಬಿಳಿ ಹೊಟ್ಟಿ ಇರ್ತದೇನು?"

"ಅದು ಕಾಮಿಕ್ಸ್ ಬಂದೇನವಾಜ್ ಭಾಯ್. ಆಕಿ ಪಾತ್ರ ಮಾಡಾಕತ್ತಾಳ."

"ಪಾತ್ರ ಗೀತ್ರ ನನಗ ಗೊತ್ತಿಲ್ಲ. ಶರಣಯ್ಯನೋರು ಹೂಂ ಅಂದ್ರ ನಾವೆಲ್ಲ ಹೂಂ. ಅವರು ಊಹೂಂ ಅಂದ್ರ ಊಹೂಂ."

ಸಿರವಾರ ದಾಟಿ ದೇವದುರ್ಗ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಶರಣಯ್ಯನಿಗೆ ಎಪ್ಪತ್ತು ದಾಟಿತ್ತು. ಕಣ್ಣಿಗೆ ಇನ್ನೂ ಹದಿನೆಂಟು. ಕಾಳೊಂದನ್ನು ಹಿಡಿದು ನೋಡಿದನೆಂದರೆ ಅದು ಯಾವ ಕಾಲುವೆಯ ನೀರು ಕುಡಿದದ್ದು, ಯಾವ ಹಮಾಲನ ಬೆನ್ನೇರಿ ಬಂದದ್ದು, ಬೆಳೆದವನು ಆ ದಿನ ಹೆಂಡತಿಯ ಜೊತೆ ಜಗಳ ಆಡಿದ್ದನೋ ಇಲ್ಲವೋ, ಎಲ್ಲ ಹೇಳುತ್ತಿದ್ದ. ಅಂಗಡಿಯ ಮುಂದೆ ಲಾರಿ ತಾಡಪತ್ರಿ ಹೊದ್ದು ನಿಂತಿತ್ತು. ಹಮಾಲರು ಅದರ ನೆರಳಿನಲ್ಲಿ ಮಲಗಿದ್ದರು.

"ಬರ್ರಿ ಸಾವ್ಕಾರ್ರ, ಕೂಡ್ರಿ," ಎಂದ ಶರಣಯ್ಯ ತಹಮೀನಾಳತ್ತ ತಿರುಗಿದ. "ತಟ್ಟಿ ಹಚ್ಚಾಕಿ ನೀನೇನವ್ವ? ಒಂದ ಮಾತು ಹೇಳು. ನಲವತ್ತು ಸಲ ಒಬ್ಬಾಕಿನ್ನ ತೋರಿಸಿದಿ. ಎಡಕ್ಕ ಮೂಗು ಮುರದಾಕಿ, ತೆಳ್ಳನ ಮೈಯಾಕಿ. ನಲವತ್ತೊಂದಕ್ಕ ಬ್ಯಾರೆಯಾಕಿ ಬಂದಳು. ಮೊದಲಿನಾಕಿ ಎಲ್ಲಿ?"

ಅಕ್ಕಿ ಬದಲಾದದ್ದನ್ನು ಬೇರೆಯವರೂ ಕಂಡಿದ್ದರು, ಆದರೆ ಆರು ನೂರು ಓದುಗರಲ್ಲಿ ನುಚ್ಚವ್ವ ಬದಲಾದದ್ದನ್ನು ಗಮನಿಸಿದವನು ಈ ಮುದುಕನೊಬ್ಬನೇ. ಇಂಥ ಕಣ್ಣಿನ ಮುಂದೆ ಸುಳ್ಳು ನಡೆಯುವುದಿಲ್ಲ.

"ಉಂಡುಬಿಟ್ಟೀವ್ರಿ, ಅಜ್ಜಾರ."

"ಏನಂದಿ?"

"ನಮ್ಮ ಅಮ್ಮ ಬಗಾರಾ ಅನ್ನಕ್ಕ ಹಾಕಿಬಿಟ್ಟಳ್ರಿ. ಈಕಿ ನಮ್ಮ ಮನಿ ರೇಷನ್ ಡಬ್ಬ್ಯಾಗಿನಾಕಿ. ಮಿಲ್ಲಿಗೂ ಈಕಿಗೂ ಸಂಬಂಧಿಲ್ಲ." ಗಂಟು ಬಿಚ್ಚಿ ಕಾಳನ್ನು ಅವನ ಅಂಗೈಗೆ ಇಟ್ಟಳು. "ನನಗ ಚಿತ್ರ ಬರಿಯಾಕ ಬರಂಗಿಲ್ರಿ. ಒಂದು ಗೆರಿ ಸುದ್ದಾ ಬರಂಗಿಲ್ಲ. ಅದಕ್ಕ ಕಾಳು ಇಟ್ಟು ಕಥಿ ಹೇಳ್ತೀನಿ."

ಶರಣಯ್ಯ ಕಾಳನ್ನು ಹೊರಳಿಸಿ ನೋಡಿದ. ಎದ್ದು ಹೋಗಿ ಲಾರಿಯ ಚೀಲವೊಂದಕ್ಕೆ ಕೊಳವೆ ಚುಚ್ಚಿ ಹಿಡಿ ಅಕ್ಕಿ ತೆಗೆದು ಅದನ್ನೂ ನೋಡಿದ. "ಫೋಟೋದಾಗಿನಾಕಿ ಈಕೀನ, ಖರೆ. ಚೀಲದಾಗಿನ ಮಾಲೂ ಖರೆ. ಆದ್ರ ಕಥಿ ಅಂದ್ಯಲ್ಲ, ಕಥಿ ಎಲ್ಲದ?"

"ಮ್ಯಾಲೆ ಬರದದ ಅಲ್ರಿ!"

"ಚೀಲದ ಮ್ಯಾಲೆ ಬರದದ್ದು ನಾ ಐವತ್ತು ವರ್ಷದಿಂದ ಓದಿಲ್ಲ ತಾಯಿ. ಎಲ್ಲಾ ಸುಳ್ಳ ಬರದಿರ್ತಾರ. ಕಾಳಷ್ಟ ನೋಡ್ತೀನಿ. ಕಥಿ ಅಂದಮ್ಯಾಲೆ ಓದ್ರಿ, ಕೇಳ್ತೀನಿ. ಕಥಿ ಇದ್ರ ಲೋಡ್ ಇಳಿಸ್ತೀನಿ. ಇಲ್ಲಂದ್ರ ಇದು ಮಿಲ್ಲಿನವರ ಆಟ ಅಂತ ತಿಳಕೋತೀನಿ."

ತಹಮೀನಾ ಗಬಕ್ಕನೆ ಫೋನಿಗೆ ಕೈ ಹಾಕಿದಳು. ಶರಣಯ್ಯ ತಡೆದ. "ನೀ ಬ್ಯಾಡ. ಬರದಾಕಿ ಓದಿದ್ರ ತಿದ್ದಿ ಓದ್ತಿ. ಸಾವ್ಕಾರ್ರು ಓದ್ಲಿ."

ತಹಮೀನಾಳಿಗೆ ಅಂಗಡಿಯಲ್ಲಿದ್ದ ಅಷ್ಟೂ ಚೀಲಗಳು ತನ್ನ ತಲೆಯ ಮೇಲೆ ಒಟ್ಟಿದಂತಾಯಿತು. ವಿರೂಪಣ್ಣ ಗಂಟಲು ಸರಿ ಮಾಡಿಕೊಂಡು, ವೇಬ್ರಿಜ್ ಚೀಟಿ ಓದುವ ರಾಗದಲ್ಲಿ ಮೊದಲ ಕಂತು ಓದಿದ. "ಉಳಿ ಉಳಿ, ಮೊದಲ ಕುದಿಯೋದು ನೀನ." ಶರಣಯ್ಯನ ಮೀಸೆ ಅಲುಗಿತು. ಎರಡನೆಯದಕ್ಕೆ ಹೊಟ್ಟೆ ಅಲುಗಿತು. ಮೂರನೆಯದನ್ನು ವಿರೂಪಣ್ಣ ಶುರು ಮಾಡಿದ: "ಪಾಲಿಶಪ್ಪ ಅಂತಾನ... ನಾ ಒಬ್ಬ ಉಸಿರು ಬಿಟ್ರ ಇಡೀ ಗಂಜ್..."

ನಿಂತ. ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡ. ಕಿವಿಯ ತುದಿಯಿಂದ ಹಿಡಿದು ಕೊರಳಿನವರೆಗೆ ಮುಖ ಒಣಮೆಣಸಿನಕಾಯಿ ಆಯಿತು. ನಿಧಾನವಾಗಿ ತಹಮೀನಾಳ ಕಡೆ ತಿರುಗಿದ. ಅವಳು ಅಂಗಡಿಯ ಛಾವಣಿಯ ತಗಡುಗಳನ್ನು ಬಹಳ ಆಸಕ್ತಿಯಿಂದ ಎಣಿಸುತ್ತಿದ್ದಳು.

"ಗಂಜ್ ಏನಾತ್ರಿ?" ಶರಣಯ್ಯ ಮುಂದಕ್ಕೆ ಸರಿದು ಕೂತ. "ಓದ್ರಿ ಓದ್ರಿ!"

ವಿರೂಪಣ್ಣ ತಹಮೀನಾಳನ್ನು ನೋಡಿದ, ಲಾರಿಯನ್ನು ನೋಡಿದ, ನೆರಳಲ್ಲಿ ಮಲಗಿದ್ದ ಹಮಾಲರನ್ನು ನೋಡಿದ. ಹಲ್ಲು ಕಚ್ಚಿ ಓದಿದ: "...ಗಂಜ್ ತೂರಿ ಹೋಗ್ತದ. ನುಚ್ಚವ್ವ ಅಂತಾಳ: ಹಂಗಾದ್ರ ಉಸಿರು ಹಿಡಕೋರಿ ಸಾವ್ಕಾರ್ರ, ಹೊಟ್ಟು ನಾವು ತೂರಿಕೋತೀವಿ."

ಶರಣಯ್ಯ ಚೀಲದ ಮೇಲೆ ಬಿದ್ದು ನಕ್ಕ. ಆ ನಗೆಗೆ ಹಮಾಲರು ಎದ್ದು ಕೂತರು, ಎದುರಿನ ಚಹಾದಂಗಡಿಯವರು ಗ್ಲಾಸು ಸಮೇತ ಬಂದರು, ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಹೊರಟಿದ್ದ ಬಸ್ಸು ಏನಾಯಿತೆಂದು ನಿಂತಿತು. ಏಳನೆಯ ಕಂತಿನ ಹೊತ್ತಿಗೆ ವಿರೂಪಣ್ಣನಿಗೂ ಏನೋ ಆಯಿತು. ಜನ ಸೇರಿದ್ದರು, ಪಾಲಿಶಪ್ಪನ ಮಾತು ಬಂದಾಗಲೆಲ್ಲ ಅವನ ಎದೆ ಸೆಟೆಯತೊಡಗಿತು. ಹನ್ನೆರಡಕ್ಕೆ ಎದ್ದು ನಿಂತು ಓದಿದ. ಇಪ್ಪತ್ತಕ್ಕೆ ಕೈ ತಿರುವಿದ. ನುಚ್ಚವ್ವನ ಮಾತಿಗೆ ಸಣ್ಣ ದನಿ ಮಾಡಿದ. ನೂರಿಪ್ಪತ್ತು ಕಿಲೋ ಆಸಾಮಿಯಿಂದ ಗುಬ್ಬಿಯ ದನಿ ಹೊರಟಿತು.

ನಲವತ್ತೊಂದೂ ಮುಗಿದ ಮೇಲೆ ಶರಣಯ್ಯ ಕಣ್ಣೊರೆಸಿಕೊಂಡ. "ಇಷ್ಟು ದಿನ ಇದರಾಗ ನಗೋದು ಇತ್ತೇನವ್ವ? ನಾ ನುಚ್ಚು ಎಣಿಸಿಕೋತ ಕುಂತಿದ್ದೆ! ಆದ್ರ ಒಂದು ತಪ್ಪು ಮಾಡೀದಿ. ಸತ್ತಾಕಿನ್ನ ಮುಚ್ಚಿಟ್ಟು ಬ್ಯಾರೆಯಾಕಿನ್ನ ತಂದು ಈಕೀನ ಆಕಿ ಅನ್ನಬಾರದು. ಗಿರಾಕಿಗೆ ಹೇಳಿ ಕೊಡಬೇಕು."

ತನ್ನ ಕರಿ ತಟ್ಟೆಯನ್ನು ಅವಳ ಮುಂದೆ ದೂಡಿದ. ತಹಮೀನಾ ಲಾರಿಯ ಚೀಲದ ಹಿಡಿ ಅಕ್ಕಿಯಿಂದ ಒಂದು ಇಡೀ ಕಾಳು ಆರಿಸಿ ಇಟ್ಟಳು. ಅದರೆದುರಿಗೆ ಬಿಳಿ ಹೊಟ್ಟೆಯ ರೇಷನ್ ಕಾಳನ್ನು ಇಟ್ಟಳು. ಫೋಟೋ ಹೊಡೆದು, ಗುಳ್ಳೆ ಅಂಟಿಸಿ ಫೋನನ್ನು ವಿರೂಪಣ್ಣನಿಗೆ ಕೊಟ್ಟಳು. ಅವನು ಓದಿದ, ಎರಡೂ ದನಿಯಲ್ಲಿ:

"ನೀ ಯಾರಬೇ? ನಮ್ಮ ನುಚ್ಚವ್ವ ಎಲ್ಲಿ?"

"ನಾ ಆಕಿ ತಂಗಿ, ರೇಷನವ್ವ. ಅಕ್ಕ ಊಟದ ಮನ್ಯಾಗ ಅದಾಳ."

"ಉಣ್ಣಾಕ ಹೋಗ್ಯಾಳೇನು?"

"ಉಣ್ಣಾಕಲ್ಲ."

ಹಮಾಲನೊಬ್ಬ ತಲೆಯ ವಲ್ಲಿ ತೆಗೆದು ಎದೆಗೆ ಹಿಡಿದ. ಆಮೇಲೆ ಇಡೀ ಅಂಗಡಿ ನಕ್ಕಿತು. ಶರಣಯ್ಯ ನಗುತ್ತಲೇ ಲಾರಿಯ ಕಡೆ ಕೈ ಬೀಸಿದ. "ಇಳಿಸ್ರಪ್ಪ!"

ಮೊದಲ ಚೀಲ ಇಳಿಯುವ ಮುನ್ನ ಆ ಕಂತು ಮಾನ್ವಿಯ ಗುಂಪಿಗೆ ಹೋಯಿತು, ಜೊತೆಗೆ ಶರಣಯ್ಯನ ದನಿಯಲ್ಲಿ ಒಂದು ಹೂಂ. ಬಂದೇನವಾಜ್ ಮರು ಗಳಿಗೆಯಲ್ಲಿ ಬರೆದ: 'ಹೂಂ. ಇಡೀ ಕಾಳು ಛಲೋ ಅದ.'

ಬರುವಾಗ ಕಾರಿನಲ್ಲಿ ವಿರೂಪಣ್ಣ ಸಿರವಾರದವರೆಗೂ ಫೋನಿನಲ್ಲಿ ಕಂತುಗಳನ್ನು ಮತ್ತೆ ಮತ್ತೆ ಸರಿಸಿ ನೋಡುತ್ತಿದ್ದ. ತಹಮೀನಾ ಮನಸ್ಸಿನಲ್ಲಿ ಬೇರೆ ಮಿಲ್ಲುಗಳ ಹೆಸರು ನೆನೆಯುತ್ತ ಕೂತಿದ್ದಳು.

"ಪಾಲಿಶಪ್ಪ ಅಂದ್ರ ಯಾರು?" ಕೊನೆಗೂ ಕೇಳಿದ.

"ಅಂವಾ... ಒಂದು ಕಾಳು ರೀ, ಸಾವ್ಕಾರ್ರ."

"ಅದು ಕಂಡದ. ಮೂವತ್ತನೇದರಾಗ ಅವನ ಕೆಳಗಿನ ತುದಿ ಮುರದಿತ್ತು. ನಾ ನೋಡಿಲ್ಲಂತ ತಿಳದಿಯೇನು? ನಾನೂ ಮಿಲ್ಲಿನವನ." ಕಿಟಕಿಯ ಹೊರಗಿನ ಗದ್ದೆಯ ಕಡೆ ಮುಖ ತಿರುಗಿಸಿದ. "ಹೀರೋಗ ಅಂಥಾ ಕಾಳು ಹಾಕ್ತಾರೇನು?"

ಅವನು ಹೀರೋ ಅಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಜೀವಮಾನದಲ್ಲಿ ಮೊದಲ ಸಲ ತಹಮೀನಾ ಒಂದು ಮಾತನ್ನು ನುಂಗಿದಳು.

ಮರುದಿನ ಅವಳ ಮೇಜಿನ ಮೇಲೆ ತಟ್ಟೆ ಇತ್ತು. ಅಂಚಿನಲ್ಲಿದ್ದ ಮಿಲ್ಲಿನ ಹೆಸರಿನ ಮೇಲೆ ಕರಿ ಬಣ್ಣ ಬಳಿದು, 'ಈ ಕಾಳು ಮಾರಾಟಕ್ಕಲ್ಲ' ಎಂದು ಬರೆಸಲಾಗಿತ್ತು. ತಟ್ಟೆಯ ನಡುವೆ ಮಡಿಸಿದ ವೇಬ್ರಿಜ್ ಚೀಟಿ. ಬಿಚ್ಚಿದರೆ ಒಳಗೆ ಒಂದೇ ಒಂದು ಕಾಳು. ಹೊಸ ಚೀಲದ್ದು, ಎರಡೂ ತುದಿ ನೆಟ್ಟಗಿದ್ದದ್ದು, ರಾಯಚೂರು ಜಿಲ್ಲೆಯಲ್ಲಿ ಅದಕ್ಕಿಂತ ಉದ್ದದ ಸೋನಾ ಕಾಳು ಅಲ್ಲಿಯವರೆಗೆ ಬೆಳೆದಿರಲಿಲ್ಲ. ಚೀಟಿಯ ಮೇಲೆ ಸಾಹುಕಾರನ ಕೈಬರಹದಲ್ಲಿ ಎರಡೇ ಅಕ್ಷರ: ನಾನು.

ತಹಮೀನಾ ಅದನ್ನು ಎರಡು ಬೆರಳಲ್ಲಿ ಎತ್ತಿ ಸುರ್ಮಾ ಡಬ್ಬಿಯ ಹತ್ತಿಯ ಮೇಲೆ, ರೇಷನವ್ವನ ಪಕ್ಕಕ್ಕೆ ಮಲಗಿಸಿದಳು. ಡಬ್ಬಿಯನ್ನು ತನ್ನ ಕೈಚೀಲಕ್ಕೆ ಹಾಕಲು ಹೋದವಳ ಕೈಯನ್ನು ಸೂಗಮ್ಮ ಹಿಡಿದಳು.

"ಇಲ್ಲೇ ಇಡು ತಂಗಿ. ಸಾವ್ಕಾರನ್ನ ಮನಿಗೆ ಒಯ್ಯಬ್ಯಾಡ. ನಿಮ್ಮವ್ವ ಕುದಿಸಿಗಿದಿಸಿಯಾಳು."